ಐವತ್ತೇಳನೆಯ ಹೆಸರು

1999ರ ಜೂನ್ 30ರಂದು ವಾಷಿಂಗ್ಟನ್‌ನಲ್ಲಿ ನಡೆದ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ 58 ಆಟಗಾರರ ಹೆಸರು ಕೂಗಿದರು. ಮೊದಲ ಹೆಸರು ಎಲ್ಟನ್ ಬ್ರ್ಯಾಂಡ್, ಷಿಕಾಗೊ ಬುಲ್ಸ್ ಪಾಲಿಗೆ. ಐವತ್ತೇಳನೆಯದು ಮಾನು ಜಿನೋಬಿಲಿ, ಸ್ಯಾನ್ ಆಂಟೋನಿಯೊ ಸ್ಪರ್ಸ್ ಪಾಲಿಗೆ. ಅರ್ಜೆಂಟೀನಾದ ಬಹಿಯಾ ಬ್ಲಾಂಕಾ ಊರಿನ 21ರ ಎಡಗೈ ಆಟಗಾರ, ಆಗ ಇಟಲಿಯ ರೆಜಿಯೊ ಕಲಾಬ್ರಿಯಾ ಕ್ಲಬ್ಬಿಗೆ ಆಡುತ್ತಿದ್ದರು. ಅವರ ನಂತರ ಉಳಿದಿದ್ದು ಒಂದೇ ಹೆಸರು. ಹಳೆಯ ಡ್ರಾಫ್ಟ್ ಪಟ್ಟಿಗಳನ್ನು ತಿರುವಿ ಹಾಕುವಾಗ ನನ್ನ ಕಣ್ಣು ಪ್ರತಿ ಸಲವೂ ಈ ಸಾಲಿಗೇ ಬಂದು ನಿಲ್ಲುತ್ತದೆ. ಮುಂದೆ ನಾಲ್ಕು ಸಲ ಚಾಂಪಿಯನ್ ಆಗಿ, 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದವರನ್ನು ಅಂದು ಐವತ್ತಾರು ಸರದಿ ಯಾರೂ ಕೇಳಲಿಲ್ಲ.

ನಮಗೆ ಪರಿಚಿತವಾದ ಐಪಿಎಲ್ ಹರಾಜಿನಂತೆ ಡ್ರಾಫ್ಟ್‌ನಲ್ಲಿ ದುಡ್ಡು ಸುರಿದು ಆಟಗಾರರನ್ನು ಕೊಳ್ಳುವಂತಿಲ್ಲ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಬೇಕು. ಸೋತ ತಂಡಗಳಿಗೆ ಮುಂಚಿನ ಸರದಿ, ಗೆದ್ದ ತಂಡಗಳಿಗೆ ಕೊನೆಯ ಸರದಿ. ಸ್ಪರ್ಸ್ ಆ ಜೂನ್ 25ರಂದಷ್ಟೇ ನ್ಯೂಯಾರ್ಕ್ ನಿಕ್ಸ್ ತಂಡವನ್ನು ಮಣಿಸಿ ಮೊದಲ ಸಲ ಚಾಂಪಿಯನ್ ಆಗಿತ್ತು. ಅಲ್ಲಿಂದ ಮುಂದೆ ಗೆಲ್ಲುತ್ತಲೇ ಹೋಯಿತು. 1998ರಿಂದ 2019ರವರೆಗೆ ಸತತ 22 ಸೀಸನ್ ಪ್ಲೇಆಫ್ ತಲುಪಿದ ತಂಡಕ್ಕೆ ಹೆಚ್ಚಾಗಿ ಸಿಗುತ್ತಿದ್ದುದು 26, 28, 29ರಂಥ ಸರದಿಗಳೇ. ಇದಕ್ಕೆಲ್ಲ ತಳಪಾಯ ಹಾಕಿದ್ದು ಅದೃಷ್ಟ ಎಂಬುದನ್ನೂ ಹೇಳಬೇಕು. 1996-97ರಲ್ಲಿ ತಂಡದ ತಾರೆ ಡೇವಿಡ್ ರಾಬಿನ್ಸನ್ ಗಾಯಗೊಂಡು ತಂಡ ಗೆದ್ದದ್ದು ಬರೀ 20 ಪಂದ್ಯ. ಆ ಸೋಲಿನ ಫಲವಾಗಿ ಮೊದಲ ಸರದಿ ಬಂತು, ಟಿಮ್ ಡಂಕನ್ ಸಿಕ್ಕರು. ಡಂಕನ್ ಸುತ್ತ ಇಪ್ಪತ್ತು ವರ್ಷ ತಂಡ ಕಟ್ಟಿದ್ದು ಮಾತ್ರ ಅದೃಷ್ಟದ ಕೆಲಸವಲ್ಲ.

ತಂಡದ ಆಡಳಿತದಲ್ಲಿದ್ದ ಆರ್.ಸಿ. ಬ್ಯೂಫೋರ್ಡ್ ಜಿನೋಬಿಲಿಯನ್ನು ನೋಡಿದ್ದು 1997ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದ 22 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಬಹುಪಾಲು ತಂಡಗಳು ಅಮೆರಿಕದ ಕಾಲೇಜು ಅಂಗಳಗಳನ್ನು ಬಿಟ್ಟು ಆಚೆ ಹೆಚ್ಚು ಇಣುಕದ ಕಾಲ ಅದು. ಕಡ್ಡಿಯಂಥ ಮೈ, ಹಿಡಿತಕ್ಕೆ ಸಿಗದ ಆಟ. ಹಾಗಿದ್ದರೂ ಬ್ಯೂಫೋರ್ಡ್ ಆ ಹುಡುಗನನ್ನು ಮರೆಯಲಿಲ್ಲ. ಎರಡು ವರ್ಷದ ಮೇಲೆ ತಂಡದ ಕೊನೆಯ ಸರದಿ ಬಂದಾಗ ಆ ನೆನಪು ಕೆಲಸ ಮಾಡಿತು.

ಇದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಜಿನೋಬಿಲಿಯಂತೆ ಎರಡನೆಯ ಸುತ್ತಿನಲ್ಲಿ ಆಯ್ಕೆಯಾದವರಿಗೆ ಒಪ್ಪಂದ ಕೊಡಲೇಬೇಕೆಂಬ ನಿಯಮವಿಲ್ಲ. ಆಟಗಾರ ವಿದೇಶದ ಕ್ಲಬ್ಬಿನಲ್ಲಿ ಆಡುತ್ತಿರುವಷ್ಟು ಕಾಲ ಅವನ ಎನ್‌ಬಿಎ ಹಕ್ಕು ಆರಿಸಿದ ತಂಡದ ಬಳಿಯೇ ಇರುತ್ತದೆ. ಸಂಬಳ ಕೊಡುವುದು ಆ ಕ್ಲಬ್, ಆಟ ಕಲಿಸುವುದೂ ಆ ಕ್ಲಬ್. ಹಣ್ಣಾಗುವವರೆಗೆ ಕಾಯುವ ತಾಳ್ಮೆಯೊಂದೇ ಸ್ಯಾನ್ ಆಂಟೋನಿಯೊ ಹೂಡಬೇಕಾದ ಬಂಡವಾಳ. ಜಿನೋಬಿಲಿ ಬೊಲೋನಿಯಾ ತಂಡಕ್ಕೆ ಹೋದರು, 2001ರಲ್ಲಿ ಯೂರೋಲೀಗ್ ಗೆದ್ದರು, ಫೈನಲ್ಸ್‌ನ ಶ್ರೇಷ್ಠ ಆಟಗಾರರಾದರು. 2002ರಲ್ಲಿ ಅಮೆರಿಕಕ್ಕೆ ಬಂದಾಗ ಪಳಗಿದ ಗೆಲುವಿನ ಸರದಾರ. ಮೊದಲ ಸೀಸನ್‌ನಲ್ಲೇ ತಂಡ ಚಾಂಪಿಯನ್.

ಉಪಾಯ ಸ್ಪರ್ಸ್ ಕಂಡುಹಿಡಿದದ್ದಲ್ಲ. 1970ರಲ್ಲೇ ಅಟ್ಲಾಂಟಾ ಹಾಕ್ಸ್‌ನ ಮಾರ್ಟಿ ಬ್ಲೇಕ್, ಇಟಲಿಯ ವಾರೇಸೆ ಕ್ಲಬ್ಬಿನ ಮನುಯೆಲ್ ರಾಗಾ ಮತ್ತು ದೀನೊ ಮೆನೆಗಿನ್‌ರನ್ನು ಹತ್ತು, ಹನ್ನೊಂದನೆಯ ಸುತ್ತುಗಳಲ್ಲಿ ಆರಿಸಿದ್ದರು. ಇಬ್ಬರೂ ಬರಲಿಲ್ಲ. ಪೋರ್ಟ್‌ಲ್ಯಾಂಡ್ 1986ರಲ್ಲಿ ಆರಿಸಿದ ಸೋವಿಯತ್ ದೈತ್ಯ ಅರ್ವಿಡಾಸ್ ಸಬೋನಿಸ್ ಬಂದದ್ದು 1995ರಲ್ಲಿ, ಮೊಣಕಾಲು ಸವೆದ ಮೇಲೆ. ಇಂಥ ಬಿಡಿ ಪ್ರಯತ್ನಗಳನ್ನು ದಿನನಿತ್ಯದ ಕಸುಬಾಗಿಸಿದ ಹಿರಿಮೆ ಸ್ಪರ್ಸ್‌ನದು.

ಕಸುಬು ಬೆಳೆದ ಬಗೆಗೆ ಟೋನಿ ಪಾರ್ಕರ್ ಕಥೆ ಸಾಕು. ಪ್ಯಾರಿಸ್ ಕ್ಲಬ್ಬಿನ ಈ ಹದಿಹರೆಯದ ಪಾಯಿಂಟ್ ಗಾರ್ಡ್‌ನನ್ನು 2001ರಲ್ಲಿ ಷಿಕಾಗೊದಲ್ಲಿ ಪರೀಕ್ಷೆಗೆ ಕರೆದರು. ಎದುರಿಗೆ ನಿಲ್ಲಿಸಿದ್ದು ಎನ್‌ಬಿಎಯಲ್ಲೇ ಆಡಿ ಬಂದ ಸ್ಕೌಟ್ ಲ್ಯಾನ್ಸ್ ಬ್ಲ್ಯಾಂಕ್ಸ್‌ರನ್ನು. ಬ್ಲ್ಯಾಂಕ್ಸ್ ಮೈಮೇಲೆ ಬಿದ್ದು ಆಡಿದರು, ಹುಡುಗ ತತ್ತರಿಸಿಹೋದ. ಕೋಚ್ ಗ್ರೆಗ್ ಪೊಪೊವಿಚ್‌ಗೆ ಹತ್ತೇ ನಿಮಿಷದಲ್ಲಿ ಸಾಕೆನಿಸಿತು. ಆದರೆ ಕಚೇರಿಯ ಕಿರಿಯರು ಸುಮ್ಮನಾಗಲಿಲ್ಲ. ಅವರಲ್ಲಿ ಮುಖ್ಯರು, ಹಿಂದಿನ ವರ್ಷವಷ್ಟೇ ಇಂಟರ್ನ್ ಆಗಿ ಸೇರಿದ್ದ ಸ್ಯಾಮ್ ಪ್ರೆಸ್ಟಿ. ಪಾರ್ಕರ್ ಆಟದ ವಿಡಿಯೊ ತೋರಿಸಿದ ಮೇಲೆ ಕೋಚ್ ಮನಸ್ಸು ಬದಲಿಸಿದರು, ಎರಡನೆಯ ಪರೀಕ್ಷೆಗೆ ಕರೆ ಹೋಯಿತು. ಡ್ರಾಫ್ಟ್ ದಿನ ಬಾಸ್ಟನ್ 21ನೆಯ ಸರದಿಯಲ್ಲಿ ಪಾರ್ಕರ್‌ರನ್ನು ಬಿಟ್ಟು ಜೋಸೆಫ್ ಫೋರ್ಟ್‌ರನ್ನು ಆರಿಸಿತು. 28ನೆಯ ಸರದಿವರೆಗೂ ಪಾರ್ಕರ್ ಉಳಿದರು. ಐದನೆಯ ಪಂದ್ಯಕ್ಕೇ ಆರಂಭಿಕ ಐವರಲ್ಲಿ ಸ್ಥಾನ, 2007ರಲ್ಲಿ ಫೈನಲ್ಸ್‌ನ ಶ್ರೇಷ್ಠ ಆಟಗಾರನ ಗೌರವ. ಯೂರೋಪಿನವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಕಚೇರಿಯ ಅತಿ ಕಿರಿಯನ ಮಾತಿಗೂ ಕಿವಿಗೊಟ್ಟು ಮುಖ್ಯ ಕೋಚ್ ತನ್ನ ತೀರ್ಮಾನ ತಿದ್ದಿಕೊಂಡ ಈ ಪ್ರಸಂಗ ನನಗೆ ಟ್ರೋಫಿಗಳಿಗಿಂತ ದೊಡ್ಡದು.

ಆದರೆ ಕೊನೆಯ ಸರದಿಯ ಜಾಣರೂ ಕೈಜಾರಿಸಿಕೊಂಡಿದ್ದಾರೆ. ಈ ಮಾತು ಬಂದಾಗ ನನಗೆ ಇಂದಿಗೂ ಸಂಕಟ. 2002ರಲ್ಲಿ ಎರಡನೆಯ ಸುತ್ತಿನ ಬಾಲದಲ್ಲಿ ಆರಿಸಿದ ಲೂಯಿಸ್ ಸ್ಕೋಲಾ, ಜಿನೋಬಿಲಿಯ ದೇಶದವರೇ, ಅರ್ಜೆಂಟೀನಾ ತಂಡದ ಜೊತೆಗಾರ. ಸ್ಪೇನ್‌ನ ಕ್ಲಬ್ಬಿನಿಂದ ಬಿಡಿಸಿಕೊಳ್ಳಲು ತೆರಬೇಕಾದ ಹಣ ದೊಡ್ಡದಿತ್ತು. ವರ್ಷಗಟ್ಟಲೆ ಕಾದು, 2007ರಲ್ಲಿ ಪಕ್ಕದ ಊರಿನ ಎದುರಾಳಿ ಹ್ಯೂಸ್ಟನ್‌ಗೇ ಅವರ ಹಕ್ಕು ಕೊಟ್ಟುಬಿಟ್ಟರು. ಪ್ರತಿಯಾಗಿ ಸಿಕ್ಕ ವಾಸಿಲಿಸ್ ಸ್ಪನೂಲಿಸ್ ಸ್ಪರ್ಸ್ ಅಂಗಿ ತೊಡಲೇ ಇಲ್ಲ. 2008ರಲ್ಲಿ ಸ್ಲೊವೇನಿಯಾದ ಗೊರಾನ್ ಡ್ರಾಗಿಚ್‌ರನ್ನು 45ನೆಯವರಾಗಿ ಆರಿಸಿ, ಮರುಗಳಿಗೆಯೇ ಫೀನಿಕ್ಸ್‌ಗೆ ದಾಟಿಸಿದರು. 2010ರ ಪ್ಲೇಆಫ್‌ನಲ್ಲಿ ಎರಡೂ ತಂಡಗಳ ನಡುವಿನ ಸರಣಿಯ ಮೂರನೆಯ ಪಂದ್ಯದಲ್ಲಿ, ಸ್ಯಾನ್ ಆಂಟೋನಿಯೊ ಅಂಗಳದಲ್ಲೇ, ಡ್ರಾಗಿಚ್ ನಾಲ್ಕನೆಯ ಕ್ವಾರ್ಟರ್ ಒಂದರಲ್ಲೇ 23 ಅಂಕ ಹೊಡೆದರು. ಸ್ಪರ್ಸ್ ಆ ಸರಣಿಯನ್ನು 4-0ರಲ್ಲಿ ಸೋತಿತು.

ಮರುವರ್ಷದ ಡ್ರಾಫ್ಟ್‌ನಲ್ಲಿ ಅವರು ಮಾಡಿದ ವಿನಿಮಯ ಇನ್ನೂ ಕಠಿಣವಾದದ್ದು. ಜಾರ್ಜ್ ಹಿಲ್, ಇಂಡಿಯಾನಾಪೊಲಿಸ್‌ನ ಅಷ್ಟೇನೂ ಹೆಸರಿಲ್ಲದ ಕಾಲೇಜಿನಿಂದ 2008ರಲ್ಲಿ 26ನೆಯವರಾಗಿ ಬಂದವರು. ಪೊಪೊವಿಚ್‌ಗೆ ಅಚ್ಚುಮೆಚ್ಚು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. 2011ರ ಜೂನ್ 23ರಂದು ಕವಾಯ್ ಲೆನರ್ಡ್ ಹೆಸರು ಹದಿನೈದನೆಯ ಸರದಿಗೆ ಜಾರಿತು. ಆ ಸರದಿ ಇಂಡಿಯಾನಾ ಪೇಸರ್ಸ್ ಕೈಯಲ್ಲಿತ್ತು, ಅವರು ಕೇಳಿದ್ದು ಹಿಲ್‌ರನ್ನು. ಹಿಲ್ ಪಾಲಿಗೆ ಅದು ಹುಟ್ಟೂರಿಗೆ ಮರಳಿದ ಹಾಗೆ, ನಿಜ. ಆದರೂ ಮೂರು ವರ್ಷ ಮಗನಂತೆ ಬೆಳೆಸಿದ ಆಟಗಾರನನ್ನು ಫೋನಿನಲ್ಲಿ ಬೀಳ್ಕೊಡಬೇಕಾದ ಕೆಲಸ ಯಾವ ಕೋಚ್‌ಗೂ ಬೇಡ. ಬಂದ ಲೆನರ್ಡ್‌ಗೆ ಹಸ್ತ ಬಲು ದೊಡ್ಡದು, ದೂರದ ಹೊಡೆತ ಮಾತ್ರ ಕಚ್ಚಾ. ಚೆಂಡನ್ನು ತಲೆಯ ಹಿಂದಕ್ಕೆ ಒಯ್ದು ಎಸೆಯುತ್ತಿದ್ದರು. ಶೂಟಿಂಗ್ ಕೋಚ್ ಚಿಪ್ ಎಂಗಲೆಂಡ್ ಆ ಕೈಯನ್ನು ಮುಂದಕ್ಕೆ ತಂದು ಕೂರಿಸಿದರು. ಬೇರೆ ತಂಡಗಳು ಕುಂದೆಂದು ಬಿಟ್ಟದ್ದನ್ನು ತಿದ್ದಬಲ್ಲೆವೆಂಬ ಈ ಕೈಗುಣವಿಲ್ಲದಿದ್ದರೆ ಸ್ಕೌಟ್‌ಗಳ ಕಣ್ಣು ಎಷ್ಟು ಚುರುಕಿದ್ದರೂ ವ್ಯರ್ಥ.

2014ರ ಫೈನಲ್ಸ್‌ನಲ್ಲಿ ಮಯಾಮಿಯನ್ನು 4-1ರಿಂದ ಸೋಲಿಸಿದ ತಂಡವನ್ನು ನೋಡಿ. 57ನೆಯ ಜಿನೋಬಿಲಿ, 28ನೆಯ ಪಾರ್ಕರ್, 28ನೆಯ ಬ್ರೆಜಿಲ್‌ನ ಟಿಯಾಗೊ ಸ್ಪ್ಲಿಟರ್, ಪೋರ್ಟ್‌ಲ್ಯಾಂಡ್ 55ನೆಯವರಾಗಿ ಆರಿಸಿ ಬಿಟ್ಟ ಆಸ್ಟ್ರೇಲಿಯಾದ ಪ್ಯಾಟಿ ಮಿಲ್ಸ್, ಕ್ಲೀವ್‌ಲ್ಯಾಂಡ್ ಕೈಬಿಟ್ಟ ಡ್ಯಾನಿ ಗ್ರೀನ್, ಷಾರ್ಲಟ್ ಕೈಬಿಟ್ಟ ಫ್ರಾನ್ಸ್‌ನ ಬೋರಿಸ್ ದಿಯಾವ್. ಫೈನಲ್ಸ್‌ನ ಶ್ರೇಷ್ಠ ಆಟಗಾರ ಲೆನರ್ಡ್. ಆ ತಂಡ ಚೆಂಡು ದಾಟಿಸುತ್ತಿದ್ದ ಪರಿಯನ್ನು ಕಂಡವರು ಬ್ಯಾಸ್ಕೆಟ್‌ಬಾಲ್ ಹೀಗೂ ಆಡಬಹುದೇ ಎಂದು ಬೆರಗಾದರು. ನಾನೂ ಅವರಲ್ಲೊಬ್ಬ.

ಆ ಮುನ್ನಡೆ ಈಗ ಇಲ್ಲ. ಪ್ರೆಸ್ಟಿ 2007ರಲ್ಲೇ ಸಿಯಾಟಲ್ ತಂಡದ ಮುಖ್ಯಸ್ಥರಾಗಿ ಹೋದರು, ಆ ತಂಡ ಒಕ್ಲಹೋಮಕ್ಕೆ ಸ್ಥಳಾಂತರವಾದಾಗ ಜೊತೆಗೇ ನಡೆದರು. ಸ್ಪರ್ಸ್ ಶಾಲೆಯಲ್ಲಿ ಕಲಿತವರು ಲೀಗ್ ತುಂಬ ಹರಡಿದರು. ಪ್ರತಿ ತಂಡಕ್ಕೂ ಯೂರೋಪಿನಲ್ಲಿ ಸ್ಕೌಟ್‌ಗಳಿದ್ದಾರೆ, ಹದಿನಾರರ ಹುಡುಗನ ಪ್ರತಿ ಎಸೆತವೂ ವಿಡಿಯೊದಲ್ಲಿದೆ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ರನ್ನು ಡಲ್ಲಾಸ್ 52ನೆಯವರಾಗಿ ಆರಿಸಿದಾಗ ಭಾರತದ ಹಳ್ಳಿಯವರೆಗೂ ಆ ಕಣ್ಣು ತಲುಪಿತ್ತು. ಅವರಿಗೆ ಎನ್‌ಬಿಎ ಪಂದ್ಯವಾಡುವ ಅವಕಾಶ ಬರಲೇ ಇಲ್ಲ, ಅದು ನೋವಿನ ವಿಷಯ. ಸ್ಪರ್ಸ್ ಕೂಡ 2022-23ರಲ್ಲಿ 60 ಪಂದ್ಯ ಸೋತು, ಮೊದಲ ಸರದಿ ಪಡೆದು, ವಿಕ್ಟರ್ ವೆಂಬನ್ಯಾಮಾರನ್ನು ತಂದುಕೊಂಡಿತು. ಅಪರೂಪದ ಆಟಗಾರ, ಸಂದೇಹವಿಲ್ಲ. ಆದರೆ ಜಗತ್ತಿಗೆಲ್ಲ ಗೊತ್ತಿದ್ದ ಹೆಸರನ್ನು ಕೂಗಲು ಮೆಲ್ಬರ್ನ್‌ವರೆಗೆ ಹೋಗಿಬರುವ ಕೆಲಸವಿರಲಿಲ್ಲ. ಸೋತಷ್ಟೂ ಬಹುಮಾನ ದೊಡ್ಡದಾಗುವ ಈ ಏರ್ಪಾಡು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಹಿಲ್ ವಿನಿಮಯದ ಎಳೆ ಇನ್ನೂ ಮುಂದಕ್ಕಿದೆ. ಲೆನರ್ಡ್ ಮುನಿಸಿಕೊಂಡು ಹೊರಟಾಗ, 2018ರಲ್ಲಿ, ಅವರನ್ನೂ ಗ್ರೀನ್‌ರನ್ನೂ ಟೊರಾಂಟೊಗೆ ಕೊಟ್ಟರು. ಡಿಮಾರ್ ಡಿರೋಜನ್ ಮತ್ತು ಯಾಕೋಬ್ ಪಲ್ಟಲ್ ಜೊತೆಗೆ 2019ರ ಒಂದು ಮೊದಲ ಸುತ್ತಿನ ಸರದಿಯೂ ಬಂತು. ಟೊರಾಂಟೊ ಚೆನ್ನಾಗಿ ಆಡಿದ್ದರಿಂದ ಅದು 29ಕ್ಕೆ ಇಳಿಯಿತು. ಸ್ಪರ್ಸ್‌ಗೆ ಕೈಪಳಗಿದ ಜಾಗವೇ. ಆರಿಸಿದ್ದು ಕೆಂಟಕಿ ವಿಶ್ವವಿದ್ಯಾಲಯದ ಕೆಲ್ಡನ್ ಜಾನ್ಸನ್‌ರನ್ನು. ಎರಡು ವರ್ಷಕ್ಕೆ ಅವರು ಪೊಪೊವಿಚ್ ಗರಡಿಯ ಅಮೆರಿಕ ತಂಡದೊಂದಿಗೆ ಟೋಕಿಯೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಜಾನ್ಸನ್‌ಗಿಂತ ಹತ್ತು ಸರದಿ ಮೊದಲು, ತಂಡ ತನ್ನದೇ 19ನೆಯ ಸರದಿಯಲ್ಲಿ ಆರಿಸಿದ್ದ ಲೂಕಾ ಸಮಾನಿಚ್‌ರನ್ನು ಆ ಒಲಿಂಪಿಕ್ ವರ್ಷವೇ ಕೈಬಿಟ್ಟಿತು.