ಹೆಸರಿಲ್ಲದ ಉಡುಗೊರೆಯ ಲೆಕ್ಕ

ಡಿಸೆಂಬರ್ ಎಂದರೆ ಕೊಡಗಿನಲ್ಲಿ ಬಿಡುವಿಲ್ಲದ ತಿಂಗಳು. ಪುತ್ತರಿಯ ಸಂಭ್ರಮ ಅದರ ಆಸುಪಾಸಿನಲ್ಲೇ ಇರುತ್ತದೆ. ತೋಟಗಳಲ್ಲಿ ಅರೇಬಿಕಾ ಕೊಯ್ಲು ನಡೆದಿರುತ್ತದೆ, ಕಣಗಳಲ್ಲಿ ಕಾಫಿ ಒಣಗುತ್ತಿರುತ್ತದೆ. ಇವೆಲ್ಲದರ ನಡುವೆ ಕ್ರಿಸ್‌ಮಸ್ ಬರುತ್ತದೆ. ಇದು ಬ್ರಿಟಿಷ್ ಪ್ಲಾಂಟರುಗಳು ಇಲ್ಲಿ ಬಿಟ್ಟುಹೋದ ಹಬ್ಬವೆಂದು ತಿಳಿದವರುಂಟು. ಅದು ಸರಿಯಲ್ಲ. ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ಆರಂಭವಾದದ್ದು ಅದಕ್ಕೂ ನಾಲ್ಕು ದಶಕ ಮೊದಲು, 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆಥೋಲಿಕ್ ಕುಟುಂಬಗಳಿಗೆ ದೊಡ್ಡವೀರರಾಜೇಂದ್ರ ಆಶ್ರಯವಿತ್ತ ಫಲ ಅದು.

ನಿವೃತ್ತಿಯ ನಂತರ ನಾನು ಕೊಡಗಿನಲ್ಲಿ ನೆಲೆಸಿದೆ. ನಮ್ಮ ನೆರೆಯ ತೋಟದ ಯಜಮಾನರು ಅಂಥದೇ ಒಂದು ಹಳೆಯ ಕೆಥೋಲಿಕ್ ಮನೆತನದವರು. ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಅವರ ಮನೆಯಲ್ಲಿ ಸುತ್ತಮುತ್ತಲಿನ ಇಪ್ಪತ್ತು ಮೂವತ್ತು ಮಂದಿ ಸೇರುತ್ತೇವೆ. ಕೊಡವರು, ಅರೆಭಾಷೆಯ ಗೌಡರು, ಮಲಯಾಳಿಗಳು, ಬಯಲುಸೀಮೆಯಿಂದ ಬಂದ ನಮ್ಮಂಥವರು ಎಲ್ಲರೂ ಇರುತ್ತಾರೆ. ತೋಟದ ರೈಟರ್, ಡ್ರೈವರ್ ಮುಂತಾದವರಿಗೂ ಕರೆ ಇರುತ್ತದೆ. ಊಟಕ್ಕೆ ಮೊದಲು ಉಡುಗೊರೆ ವಿನಿಮಯದ ಆಟ ನಡೆಯುತ್ತದೆ. ಹುಡುಗಾಟವೆಂದು ನಾನು ಮೊದಲು ಕಡೆಗಣಿಸಿದ್ದ ಈ ಆಟ, ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳಲ್ಲಿ ಆಯುಷ್ಯ ಸವೆಸಿದ ನನಗೆ ಒಂದು ಪಾಠವನ್ನೇ ಕಲಿಸಿತು.

ಇಂಥ ಆಟಗಳಲ್ಲಿ ಎರಡು ಬಗೆ ಮುಖ್ಯ. ಮೊದಲನೆಯದು ಚೀಟಿಯ ಆಟ. ಎಲ್ಲರ ಹೆಸರನ್ನೂ ಬರೆದು ಡಬ್ಬಿಗೆ ಹಾಕುತ್ತಾರೆ. ಯಾರ ಹೆಸರು ಬಂತೋ ಅವರಿಗೆ ನೀವು ಗುಟ್ಟಾಗಿ ಉಡುಗೊರೆ ತರಬೇಕು. ಕಚೇರಿ, ಕಾಲೇಜುಗಳಲ್ಲಿ ‘ಸೀಕ್ರೆಟ್ ಸಾಂತಾ’, ‘ಕ್ರಿಸ್‌ಮಸ್ ಫ್ರೆಂಡ್’ ಎಂದು ನಡೆಯುವುದು ಇದೇ. ಎರಡನೆಯದು ಕಸಿಯುವ ಆಟ. ಎಲ್ಲರೂ ತಂದ ಪೊಟ್ಟಣಗಳನ್ನು ಮೇಜಿನ ಮೇಲೆ ರಾಶಿ ಹಾಕುತ್ತಾರೆ. ಸರದಿ ಬಂದವರು ರಾಶಿಯಿಂದ ಒಂದು ಪೊಟ್ಟಣ ಬಿಚ್ಚಬಹುದು, ಇಲ್ಲವೇ ಹಿಂದಿನವರು ಬಿಚ್ಚಿದ್ದನ್ನು ಕಸಿದುಕೊಳ್ಳಬಹುದು. ಕಳೆದುಕೊಂಡವರು ಮತ್ತೆ ರಾಶಿಗೆ ಕೈ ಹಾಕುತ್ತಾರೆ. ಅಮೆರಿಕದಲ್ಲಿ ಇದರ ಹೆಸರು ‘ಬಿಳಿಯಾನೆ’. ನಷ್ಟದ ಸರ್ಕಾರಿ ಉದ್ಯಮಗಳಿಗೆ ನಾವು ಕೊಡುವ ಬಿರುದೂ ಇದೇ. ತನಗಾಗದವನನ್ನು ಸಾಕುವ ಖರ್ಚಿನಲ್ಲೇ ಮುಳುಗಿಸಲು ಸಯಾಮಿನ ದೊರೆ ಬಿಳಿಯಾನೆಯನ್ನು ಕಾಣಿಕೆ ಕೊಡುತ್ತಿದ್ದನೆಂಬ ಕಥೆ ಎರಡಕ್ಕೂ ಮೂಲ.

ಉಡುಗೊರೆಯ ಬಗ್ಗೆ ಅರ್ಥಶಾಸ್ತ್ರಜ್ಞರಿಗೆ ಮೊದಲಿನಿಂದಲೂ ಅನುಮಾನವೇ. ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ವಿದ್ವಾಂಸರು 1993ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಕ್ರಿಸ್‌ಮಸ್ಸಿನಿಂದಾಗುವ ನಷ್ಟದ ಲೆಕ್ಕವನ್ನು ಪ್ರಕಟಿಸಿದರು. ಕೊಟ್ಟವರು ನೂರು ರೂಪಾಯಿ ಖರ್ಚು ಮಾಡಿದ ವಸ್ತುವಿಗೆ ಪಡೆದವರು ಅಷ್ಟು ಬೆಲೆ ಕಟ್ಟುವುದಿಲ್ಲ. ಬೆಲೆಯ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಯಾರಿಗೂ ದಕ್ಕದೆ ಹೋಗುತ್ತದೆ ಎಂಬುದು ಅವರ ಅಂದಾಜು. ಹಾಗೆ ನೋಡಿದರೆ ಕಸಿಯುವ ಆಟ ಈ ನಷ್ಟಕ್ಕೆ ಒಂದು ಮದ್ದು. ನನಗೆ ಬೇಡದ ಹೂದಾನಿ ಅದನ್ನು ಬಯಸುವವರ ಕೈ ಸೇರುತ್ತದೆ. ಹಣವಿಲ್ಲದೆ ವಸ್ತುಗಳನ್ನು ಅವರವರ ಇಷ್ಟಕ್ಕೆ ತಕ್ಕಂತೆ ಅದಲುಬದಲು ಮಾಡುವುದು ಹೇಗೆಂದು ಲಾಯ್ಡ್ ಶಾಪ್ಲಿ ಮತ್ತು ಹರ್ಬರ್ಟ್ ಸ್ಕಾರ್ಫ್ 1974ರಲ್ಲಿ ಗಣಿತದ ಮೂಲಕ ತೋರಿಸಿದರು. ಅದೇ ತತ್ತ್ವವನ್ನು ಬೆಳೆಸಿ, ರಕ್ತದ ಗುಂಪು ಹೊಂದದ ಮೂತ್ರಪಿಂಡ ದಾನಿಗಳನ್ನು ಪರಸ್ಪರ ಬದಲಿಸಿಕೊಳ್ಳುವ ವ್ಯವಸ್ಥೆ ರೂಪುಗೊಂಡಿತು. ಆ ಕೆಲಸದಲ್ಲಿ ಮುಖ್ಯರಾದ ಆಲ್ವಿನ್ ರಾತ್ ಮತ್ತು ಶಾಪ್ಲಿ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಆದರೆ ಉಡುಗೊರೆ ಎಂಬುದು ಬರಿಯ ವಸ್ತುವಲ್ಲ. ನಮ್ಮ ಹಳ್ಳಿಗಳ ಮದುವೆಗಳಲ್ಲಿ ಮುಯ್ಯಿ ಬರೆಯಲು ಒಬ್ಬರು ನೋಟ್ ಬುಕ್ ಹಿಡಿದು ಕೂತಿರುತ್ತಿದ್ದುದನ್ನು ಹಿರಿಯರು ಬಲ್ಲರು. ಇಂಥವರು ಇಷ್ಟು ಕೊಟ್ಟರು ಎಂಬುದು ಅಲ್ಲಿ ದಾಖಲಾಗುತ್ತಿತ್ತು. ಅವರ ಮನೆಯ ಮದುವೆಗೆ ಅಷ್ಟನ್ನಾದರೂ ಹಿಂದಿರುಗಿಸದಿದ್ದರೆ ಮಾತು ಬರುತ್ತಿತ್ತು. ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದರೆ ಕನ್ನಡದಲ್ಲಿ ಸೇಡು ಎಂಬ ಅರ್ಥವೂ ಬಂದಿರುವುದು ಸುಮ್ಮನೆ ಅಲ್ಲ. ಕೊಡುವುದು, ಪಡೆಯುವುದು, ಹಿಂದಿರುಗಿಸುವುದು ಮೂರೂ ಕಡ್ಡಾಯವೇ ಎಂದು ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರಲ್ಲಿ ಬರೆದದ್ದನ್ನು ನಮ್ಮ ರೈತರು ಓದದೆಯೇ ಅರಿತಿದ್ದರು.

ಸರ್ಕಾರಿ ನೌಕರನಿಗಂತೂ ಇದು ಬದುಕಿನ ಪಾಠ. 1968ರ ಅಖಿಲ ಭಾರತ ಸೇವಾ ನಡತೆ ನಿಯಮಗಳಲ್ಲಿ ಉಡುಗೊರೆಗೆಂದೇ 11ನೆಯ ನಿಯಮವಿದೆ. ಹಬ್ಬಕ್ಕೆ ಬಂದ ಸಿಹಿಯ ಪೆಟ್ಟಿಗೆಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿ ಮಕ್ಕಳ ಮುಖ ನೋಡಲಾರದೆ ನಿಂತ ದಿನಗಳು ನನಗೆ ನೆನಪಿವೆ. ಪೆಟ್ಟಿಗೆಯೊಳಗೆ ಏನಿದೆ ಎಂಬುದಕ್ಕಿಂತ ಅದರ ಮೇಲೆ ಯಾರ ಹೆಸರಿದೆ ಎಂಬುದೇ ಅಲ್ಲಿ ಮುಖ್ಯ. ಕೊಟ್ಟವರ ಹೆಸರು ತಿಳಿದ ಕ್ಷಣವೇ ಋಣ ಆರಂಭವಾಗುತ್ತದೆ. ಕ್ರಿಸ್‌ಮಸ್ ಆಟದ ವಿಶೇಷ ಇರುವುದೇ ಇಲ್ಲಿ. ಅದು ಕೊಟ್ಟವರ ಹೆಸರನ್ನು ಅಳಿಸುತ್ತದೆ, ಬೆಲೆಗೆ ಮಿತಿ ಹಾಕುತ್ತದೆ. ಯಜಮಾನರೂ ನೌಕರರೂ ಒಂದೇ ಡಬ್ಬಿಯ ಚೀಟಿಗಳಾಗುತ್ತಾರೆ. ಮುಯ್ಯಿಯ ನೋಟ್ ಬುಕ್ ಇಲ್ಲದ ಉಡುಗೊರೆ ಅದು.

ಹೀಗೆಲ್ಲ ಸಿದ್ಧಾಂತ ಕಟ್ಟಿಕೊಂಡಿದ್ದ ನನ್ನ ಕಣ್ಣೆದುರಿಗೇ ಒಂದು ವರ್ಷ ಅದು ಮುರಿದುಬಿತ್ತು. ಆ ಸಲ ಕಸಿಯುವ ಆಟಕ್ಕೆ ಇನ್ನೂರು ರೂಪಾಯಿಯ ಮಿತಿ ಇತ್ತು. ಆದರೆ ಪೊಟ್ಟಣಗಳು ಬಿಚ್ಚಿಕೊಳ್ಳುತ್ತಿದ್ದಂತೆ ವಿದೇಶಿ ಚಾಕೊಲೇಟ್, ಸುಗಂಧದ ಶೀಶೆ, ಬೆಂಗಳೂರಿನ ದೊಡ್ಡ ಅಂಗಡಿಯ ಗಾಜಿನ ಬಟ್ಟಲುಗಳು ಹೊರಬಂದವು. ನಾನು ತಂದಿದ್ದ ಪುಸ್ತಕವೂ ಮಿತಿಯನ್ನು ದಾಟಿತ್ತೆಂದು ಒಪ್ಪಿಕೊಳ್ಳಬೇಕು. ಎಲ್ಲರ ಪೊಟ್ಟಣಕ್ಕೂ ಮಿರುಗುವ ಕಾಗದವಿತ್ತು. ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ್ದ ಒಂದು ಪೊಟ್ಟಣ ಮಾತ್ರ ಕೊನೆಯವರೆಗೂ ಮೇಜಿನ ಮೇಲೇ ಉಳಿಯಿತು. ಕೊನೆಗೆ ಅದನ್ನು ಬಿಚ್ಚಿದವರಿಗೆ ಸಿಕ್ಕಿದ್ದು ಒಂದು ಟವೆಲ್, ಎರಡು ಸೋಪು. “ನಾನು ಸ್ನಾನ ಮಾಡಿ ಬಂದಿಲ್ಲ ಅಂತ ಯಾರಿಗಪ್ಪಾ ಗೊತ್ತಾಯಿತು?” ಎಂದು ಅವರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗದೆ ಇದ್ದವರು ತೋಟದ ರೈಟರ್ ಮತ್ತು ಅವರ ಹೆಂಡತಿ. ಆಕೆ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದ್ದನ್ನು ಕಂಡಾಗ ಹೆಸರಿಲ್ಲದ ಆ ಉಡುಗೊರೆಯ ಹೆಸರು ನನಗೆ ತಿಳಿದುಹೋಯಿತು. ಇನ್ನು ಎಷ್ಟು ಜನಕ್ಕೆ ತಿಳಿಯಿತೋ. ಮರುವರ್ಷ ಅವರು ಬರಲಿಲ್ಲ. ಗೇಟಿನ ಬಳಿ ಸಿಕ್ಕಾಗ ಕೇಳಿದೆ. “ಕೊಯ್ಲಿನ ಕೆಲಸ ಇತ್ತು ಸಾರ್” ಎಂದರು. ಭಾನುವಾರ ಕೊಯ್ಲು ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನನ್ನನ್ನು ಬಹುಕಾಲ ಕಾಡಿದ್ದು ಈ ಸಂಗತಿ. ಆ ಕೋಣೆಯಲ್ಲಿ ನಿಯಮವನ್ನು ಪಾಲಿಸಿದ್ದವರು ಬಹುಶಃ ಅವರೊಬ್ಬರೇ. ಇನ್ನೂರು ರೂಪಾಯಿ ಎಂದರೆ ಇನ್ನೂರು ರೂಪಾಯಿಯದನ್ನೇ ತಂದಿದ್ದರು. ಮಿತಿ ಮೀರಿದ ನಾವು ಉದಾರಿಗಳೆನಿಸಿಕೊಂಡೆವು, ಪಾಲಿಸಿದವರು ನಗೆಪಾಟಲಾದರು. ನಿಯಮ ಮುರಿಯುವ ಬಲ ಉಳ್ಳವರಿಗೆ ಇರುತ್ತದೆ, ಅದರ ದಂಡ ಇಲ್ಲದವರ ಮೇಲೆ ಬೀಳುತ್ತದೆ. ಆಡಳಿತದಲ್ಲಿ ಇದನ್ನು ನೂರು ಸಲ ಕಂಡವನು ನೆರೆಮನೆಯ ಹಜಾರದಲ್ಲಿ ಗುರುತಿಸದೆ ಹೋದೆ.

ಯಜಮಾನತಿಯವರೊಡನೆ ಇದನ್ನು ಹೇಳಿಕೊಂಡೆ. ಅವರ ಮನಸ್ಸಿನಲ್ಲೂ ಅದೇ ಕೊರೆಯುತ್ತಿತ್ತು. ಇಬ್ಬರೂ ಕೂತು ಆಟದ ನಿಯಮಗಳನ್ನು ತಿದ್ದಿದೆವು. ಮೊದಲನೆಯದಾಗಿ, ಮಿತಿಯನ್ನು ಯಜಮಾನರು ಗೊತ್ತುಮಾಡುವುದಿಲ್ಲ. ತಮಗೆ ಹೊರೆಯಾಗದ ಮೊತ್ತವನ್ನು ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಅವುಗಳಲ್ಲಿ ಕನಿಷ್ಠವಾದದ್ದೇ ಆ ವರ್ಷದ ಮಿತಿ. ಎರಡನೆಯದಾಗಿ, ಎಲ್ಲ ಪೊಟ್ಟಣಕ್ಕೂ ಹಳೆಯ ದಿನಪತ್ರಿಕೆಯೇ ಹೊದಿಕೆ. ಮೂರನೆಯದಾಗಿ, ಅಂಗಡಿಯದಕ್ಕಿಂತ ಮನೆಯದು, ಹಿತ್ತಲಿನದು ಮೇಲು. ಕಾಳುಮೆಣಸು, ಜೇನು, ಕಾಚಂಪುಳಿ, ಉಪ್ಪಿನಕಾಯಿ, ಕಸಿ ಕಟ್ಟಿದ ಗಿಡ ಯಾವುದಾದರೂ ಸರಿ. ಅಂಗಡಿಯ ಬೆಲೆಚೀಟಿ ಇಲ್ಲದ ವಸ್ತುವಿಗೆ ಸಿರಿತನ ಬಡತನದ ಗುರುತೂ ಇರುವುದಿಲ್ಲ. ನಾಲ್ಕನೆಯದಾಗಿ, ತಂದವರು ಯಾರೆಂದು ಊಹಿಸುವಂತಿಲ್ಲ, ಉಡುಗೊರೆಯನ್ನು ಹಾಸ್ಯ ಮಾಡುವಂತಿಲ್ಲ.

ಚೀಟಿಯ ಆಟಕ್ಕೂ ಒಂದು ತಿದ್ದುಪಡಿ ಬೇಕಾಗಿತ್ತು. ಡಬ್ಬಿಯಿಂದ ಎತ್ತುವಾಗ ಯಾರಿಗಾದರೂ ತಮ್ಮದೇ ಹೆಸರು ಬಂದು ಮತ್ತೆ ಮೊದಲಿನಿಂದ ಎತ್ತಬೇಕಾಗುವುದು ಎಲ್ಲರ ಅನುಭವ. ಫ್ರಾನ್ಸಿನ ಗಣಿತಜ್ಞ ಮೊಂಮೋರ್ 1708ರಲ್ಲೇ ಜೂಜಿನ ಆಟಗಳ ಕುರಿತ ತನ್ನ ಗ್ರಂಥದಲ್ಲಿ ಇದೇ ಜಾತಿಯ ಪ್ರಶ್ನೆಯನ್ನು ಎತ್ತಿದ್ದ. ಹತ್ತು ಜನರಿರಲಿ, ನೂರು ಜನರಿರಲಿ, ಒಬ್ಬರಿಗಾದರೂ ತಮ್ಮ ಚೀಟಿಯೇ ಬರುವ ಸಂಭವ ಸುಮಾರು ಶೇ 63ರಷ್ಟು. ಇದಕ್ಕೆ ಪರಿಹಾರ ಸುಲಭ. ಚೀಟಿಗಳನ್ನು ಕಲಸಿ ವೃತ್ತಾಕಾರವಾಗಿ ಜೋಡಿಸಿ, ಪ್ರತಿಯೊಬ್ಬರೂ ತಮ್ಮ ಮುಂದಿನವರಿಗೆ ಕೊಡುವಂತೆ ಗೊತ್ತುಮಾಡಿದರೆ ಸಾಕು. ಆಟದಲ್ಲಿ ಇಲ್ಲದವರೊಬ್ಬರು ಇದನ್ನು ಮಾಡಿದರೆ ಗುಟ್ಟೂ ಉಳಿಯುತ್ತದೆ.

ಹೊಸ ನಿಯಮದ ಮೊದಲ ವರ್ಷ ಡಬ್ಬಿಯಿಂದ ಬಂದ ಕನಿಷ್ಠ ಮೊತ್ತ ಅರುವತ್ತು ರೂಪಾಯಿ. ಕೆಲವರು ಹುಬ್ಬೇರಿಸಿದರು. ಆದರೆ ಅರುವತ್ತು ರೂಪಾಯಿಯಲ್ಲಿ ಏನು ತರುವುದೆಂದು ಎಲ್ಲರೂ ತಲೆ ಕೆರೆದುಕೊಂಡದ್ದೇ ಆ ಸಲದ ಆಟದ ಸ್ವಾರಸ್ಯವಾಯಿತು. ರೈಟರ್ ದಂಪತಿಗಳನ್ನು ಕರೆಯಲು ಯಜಮಾನತಿಯವರೇ ಲೈನ್ ಮನೆಗಳ ಆಚೆಗಿನ ಅವರ ಕ್ವಾರ್ಟರ್ಸಿಗೆ ಹೋಗಿದ್ದರು. ಇಬ್ಬರೂ ಬಂದರು. ಹಿಂದಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಕ್ಷಮೆ ಕೇಳಬೇಕಾಗಿತ್ತು. ಕೇಳಿದರೆ ಅಂದಿನ ಪೊಟ್ಟಣ ಅವರದೇ ಎಂದು ಬಾಯಿಬಿಟ್ಟು ಹೇಳಿದಂತಾಗುತ್ತಿತ್ತು. ಸುಮ್ಮನಾದೆ.

ಈ ಡಿಸೆಂಬರಿನಲ್ಲಿ ಕಚೇರಿಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಇಂಥ ಆಟ ಏರ್ಪಡಿಸುವವರು ಅನೇಕರಿರಬಹುದು. ಅಟೆಂಡರ್, ಸೆಕ್ಯುರಿಟಿಯವರು, ಮನೆಗೆಲಸದವರು ಚೀಟಿಯ ಡಬ್ಬಿಯಲ್ಲಿರುವುದು ಒಳ್ಳೆಯದೇ. ಆದರೆ ಅವರ ಹೆಸರನ್ನು ಹಾಕುವ ಮುನ್ನ ಮಿತಿಯನ್ನು ಅವರ ಜೇಬಿನಿಂದ ಅಳೆಯಿರಿ. ಅಳೆದ ಮೇಲೆ ನೀವೂ ಅದನ್ನು ಪಾಲಿಸಿ. ಹೆಚ್ಚು ಕೊಡುವ ಆಸೆಯಿದ್ದರೆ ವರ್ಷದ ಉಳಿದ ದಿನಗಳಿವೆ, ಸಂಬಳದ ದಿನವೂ ಇದೆ.