ಹ್ಯಾಂಡ್‌ಬ್ರೇಕ್ ಕೇಬಲ್: ಬಿಗಿ ಮಾಡುವ ಮೊದಲು

ಗುರುವಾಯನಕೆರೆ, ವೇಣೂರು, ಮಡಂತ್ಯಾರು ಸುತ್ತಲಿನ ಅನೇಕ ಮನೆಗಳು ರಸ್ತೆಯಿಂದ ಒಂದೋ ಮೇಲೆ, ಇಲ್ಲವೇ ಕೆಳಗೆ. ಅಂಗಳದ ಇಳಿಜಾರಿನಲ್ಲೇ ಕಾರು ನಿಲ್ಲಬೇಕು. ಹೀಗಿದ್ದೂ ಹಳೆಯ ಮಾರುತಿ 800, ಓಮ್ನಿಗಳಲ್ಲಿ ಹ್ಯಾಂಡ್‌ಬ್ರೇಕಿನ ಕಡೆ ಗಮನ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಹೋದಾಗಲೂ ಕೆಲಸ ಶುರುವಾಗುವುದು ತಪ್ಪು ಜಾಗದಿಂದ.

‘ಲಿವರ್ ತುಂಬ ಮೇಲೆ ಬರುತ್ತಿದೆ ಅಂದರೆ ಕೇಬಲ್ ಉದ್ದವಾಗಿದೆ, ನಟ್ ಬಿಗಿ ಮಾಡಿದರೆ ಸರಿಯಾಗುತ್ತದೆ’ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಹೆಚ್ಚಿನ ಸಲ ಸವೆದಿರುವುದು ಹಿಂದಿನ ಡ್ರಮ್ಮಿನೊಳಗಿನ ಬ್ರೇಕ್ ಶೂ. ಶೂ ತೆಳುವಾದಷ್ಟೂ ಡ್ರಮ್ಮಿಗೂ ಅದಕ್ಕೂ ನಡುವಿನ ಅಂತರ ಹೆಚ್ಚುತ್ತದೆ. ಆ ಅಂತರವನ್ನು ಮುಚ್ಚಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿರುತ್ತದೆ. ಇದನ್ನು ನೋಡದೆ ಕೇಬಲ್ ಬಿಗಿದರೆ ಶೂ ಡ್ರಮ್ಮಿಗೆ ಸದಾ ಉಜ್ಜುತ್ತದೆ, ಚಕ್ರ ಬಿಸಿಯಾಗುತ್ತದೆ, ಪೆಟ್ರೋಲೂ ಹೆಚ್ಚು ಸುಡುತ್ತದೆ. ಮೊದಲು ಡ್ರಮ್ ಬಿಚ್ಚಿ ಶೂ ನೋಡಬೇಕು, ಅಡ್ಜಸ್ಟರ್ ಬಿಡಿಸಬೇಕು. ಕೇಬಲ್ಲಿನ ಸರದಿ ಆಮೇಲೆ. ಒಳಗಿನ ಧೂಳನ್ನು ಊದಬೇಡಿ. ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಕೇಬಲ್ಲೇ ಕೆಟ್ಟಿದ್ದರೆ ಗುರುತು ಬೇರೆ. ಲಿವರ್ ಎಳೆಯಲು ಗಟ್ಟಿ, ಬಿಟ್ಟರೂ ಚಕ್ರ ಸಡಿಲವಾಗುವುದಿಲ್ಲ, ಹೊರಗವಚ ಸೀಳಿರುತ್ತದೆ, ತುದಿಯಲ್ಲಿ ಎಳೆಗಳು ತುಂಡಾಗಿರುತ್ತವೆ. ಇದಕ್ಕೆ ಎಣ್ಣೆ ಬಿಡುವುದು ಮದ್ದಲ್ಲ. ತುಂಡಾದ ಎಳೆ ಎಣ್ಣೆಯಿಂದ ಕೂಡಿಕೊಳ್ಳುವುದಿಲ್ಲ, ಆ ಎಣ್ಣೆ ಇಳಿದು ಶೂ ಮುಟ್ಟಿದರೆ ಇದ್ದ ಹಿಡಿತವೂ ಹೋಗುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಕೇಬಲ್ ಇರುವ ಕಾರಿನಲ್ಲಿ ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು.

‘ಉಪಯೋಗಿಸದಿದ್ದರೆ ಬಾಳಿಕೆ ಹೆಚ್ಚು’ ಎಂಬ ಲೆಕ್ಕ ನಮ್ಮ ಮಳೆಗೆ ಹೊಂದುವುದಿಲ್ಲ. ಕವಚದ ಬಿರುಕಿನಿಂದ ಒಳಹೋದ ನೀರು, ಅಲುಗಾಡದ ತಂತಿಯನ್ನು ಅಲ್ಲೇ ತುಕ್ಕಿನಿಂದ ಕಚ್ಚಿಸಿಬಿಡುತ್ತದೆ. ದಿನವೂ ಎಳೆದು ಬಿಡುತ್ತಿದ್ದರೆ ಒಳ್ಳೆಯದು. ಆದರೆ ಆಟಿ ತಿಂಗಳ ಮಳೆಯಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದೇ ಇಡಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ.

ಮನೆಯಲ್ಲೇ ಕೆಲಸ ಮಾಡುವವರ ಬಗ್ಗೆ ನನಗಿರುವ ದೊಡ್ಡ ಭಯ ಜಾಕ್ ಮತ್ತು ಕೆಂಪುಕಲ್ಲು. ಕಟ್ಟಡಕ್ಕೆ ಬರುವ ಕೆಂಪುಕಲ್ಲಿನ ಮೇಲೆ ಕಾರು ಕೂರಿಸಿ ಅಡಿಗೆ ನುಗ್ಗುವುದು ಜೀವಕ್ಕೆ ಅಪಾಯ. ಗೋಡೆಯಲ್ಲಿ ಭಾರವೆಲ್ಲ ಹರಡಿಕೊಳ್ಳುತ್ತದೆ, ಇಲ್ಲಿ ಒಂದೇ ಬಿಂದುವಿಗೆ ಬಿದ್ದಾಗ ರಂಧ್ರಗಳಿರುವ ಆ ಕಲ್ಲು ಮುನ್ಸೂಚನೆಯಿಲ್ಲದೆ ಒಡೆಯಬಹುದು. ಟೊಳ್ಳು ಸಿಮೆಂಟ್ ಇಟ್ಟಿಗೆಯೂ ಹಾಗೆಯೇ. ಜಾಕ್ ಎತ್ತಲಿಕ್ಕೆ ಮಾತ್ರ, ಹೊರಲು ಕಬ್ಬಿಣದ ಜಾಕ್ ಸ್ಟ್ಯಾಂಡ್ ಬೇಕು. ಅದು ನಿಲ್ಲಲು ಗಟ್ಟಿ, ಸಮತಟ್ಟಾದ ನೆಲವೂ ಬೇಕು.

‘ಗೇರಿನಲ್ಲಿದೆ, ಹಂದುವುದಿಲ್ಲ’ ಎನ್ನುವವರು ಕಾರು ಯಾವುದೆಂದು ನೋಡಬೇಕು. ಮಾರುತಿ 800ರಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದಾಗಲೂ ಗೇರಿನ ಹಿಡಿತ ನೆಲದಲ್ಲಿರುವ ಚಕ್ರಕ್ಕೇ ಸಿಗುತ್ತದೆ. ಓಮ್ನಿಯಲ್ಲಿ ಇಂಜಿನ್ನಿಗೆ ಸೇರಿರುವುದು ಹಿಂದಿನ ಚಕ್ರ. ಅದನ್ನು ಎತ್ತಿದ ಮೇಲೆ ಗೇರು ಕಾರನ್ನು ಹಿಡಿಯುವುದಿಲ್ಲ. ಕೇಬಲ್ ಬಿಚ್ಚಿರುವುದರಿಂದ ಹ್ಯಾಂಡ್‌ಬ್ರೇಕೂ ಇಲ್ಲ. ಆಗ ಕಾರು ಉಳಿಯುವುದು ಮುಂದಿನ ಚಕ್ರಗಳ ಎರಡೂ ಬದಿಗೆ ಕೊಟ್ಟ ಅಡ್ಡದಿಂದ ಮಾತ್ರ.

ಚಾರ್ಮಾಡಿ ಇಳಿಯುವಾಗ ಬ್ರೇಕ್ ಸೋತರೆ ಲಿವರ್ ಎಳೆದರಾಯಿತು ಎಂಬ ಧೈರ್ಯವೂ ಬೇಡ. ಅದು ಹಿಡಿಯುವುದು ಹಿಂದಿನ ಎರಡು ಚಕ್ರ ಮಾತ್ರ. ಬ್ರೇಕ್ ಬಿದ್ದಾಗ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಒಮ್ಮೆಲೇ ಎಳೆದರೆ ಅವು ಜಾಮ್ ಆಗಿ ಕಾರು ಅಡ್ಡ ತಿರುಗಬಹುದು. ಘಾಟಿಯಲ್ಲಿ ಕಾಪಾಡುವುದು ಮೊದಲೇ ಹಾಕಿದ ಕೆಳಗಿನ ಗೇರು.

ಹೊಸ ಕೇಬಲ್ ಹಾಕುವಾಗ ಹಳೆಯದು ಹೋಗಿದ್ದ ದಾರಿಯಲ್ಲೇ, ಎಲ್ಲ ಕ್ಲಿಪ್ಪಿಗೂ ಕೂರಿಸಿ. ಸೈಲೆನ್ಸರ್ ಪೈಪಿಗೆ ತಾಗಬಾರದು. ಲಿವರ್ ಎಷ್ಟು ಹಲ್ಲು ಏರಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ, ಅಷ್ಟಕ್ಕೇ ನಟ್ ನಿಲ್ಲಿಸಿ. ಲಿವರ್ ಪೂರ್ತಿ ಇಳಿಸಿ, ಎತ್ತಿರುವ ಚಕ್ರ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಆಮೇಲೆ ಸಣ್ಣ ಇಳಿಜಾರಿನಲ್ಲಿ, ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಪರೀಕ್ಷಿಸಿ. ಹಿಂದೆ ಮುಂದೆ ಯಾರೂ ನಿಂತಿರಬಾರದು. ಬೆಳ್ತಂಗಡಿವರೆಗೆ ಹೋಗಿ ಬಂದು ಎರಡೂ ಹಿಂದಿನ ಚಕ್ರಗಳ ಬಳಿ ಕೈಯೊಡ್ಡಿ ನೋಡಿ. ಒಂದು ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಆ ಬದಿಯ ಶೂ ಇನ್ನೂ ಉಜ್ಜುತ್ತಿದೆ, ಡ್ರಮ್ ಮತ್ತೆ ಬಿಚ್ಚಬೇಕು.