ಆಧುನಿಕತೆ, ಆಧುನಿಕೋತ್ತರತೆ ಮತ್ತು ಅನಾಮಿಕ ಜನಪದ

ಆಧುನಿಕತಾವಾದವು ಪರಂಪರೆಯನ್ನು ಸಂಪೂರ್ಣವಾಗಿ ನಿರಾಕರಿಸಿತೆಂಬ ಅಭಿಪ್ರಾಯವು ಮರುಪರಿಶೀಲನೆಗೆ ಅರ್ಹವಾದುದು. ಪಿಕಾಸೊನ ‘ಅವಿನ್ಯೋನಿನ ತರುಣಿಯರು’ (1907) ಚಿತ್ರದ ಬಲಬದಿಯ ಮುಖಗಳಲ್ಲಿ ಆಫ್ರಿಕದ ಮುಖವಾಡಗಳ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ಸ್ಟ್ರಾವಿನ್‌ಸ್ಕಿಯ ನೃತ್ಯಸಂಗೀತ ‘ರೈಟ್ ಆಫ್ ಸ್ಪ್ರಿಂಗ್’ (1913) ಲಿಥುವೇನಿಯದ ಜನಪದ ಧಾಟಿಯಿಂದ ಆರಂಭವಾಗುತ್ತದೆ. ಎಲಿಯಟ್‌ನ ಕಾವ್ಯ ‘ವೇಸ್ಟ್ ಲ್ಯಾಂಡ್’ (1922) ಪುರಾಣ ಹಾಗೂ ಫಲವಂತಿಕೆಯ ಆಚರಣೆಗಳನ್ನು ಬಳಸಿಕೊಂಡಿದೆ. ಎರವು ಪಡೆದುದರಿಂದ ತನ್ನದೇ ಆದ ಹೊಸ ರೂಪವನ್ನು ಕಟ್ಟುವುದು ಇವುಗಳ ಗುರಿ.

ಆಧುನಿಕೋತ್ತರವಾದವು ಸ್ವಂತಿಕೆಯ ಕಲ್ಪನೆಯನ್ನೇ ಪ್ರಶ್ನಿಸಿ, ಎರವಲನ್ನು ಬಹಿರಂಗವಾಗಿ ಪ್ರದರ್ಶಿಸಿತು. ಬೆರಿಯೊನ ‘ಸಿನ್‌ಫೋನಿಯ’ದ (1968) ಮೂರನೆಯ ಭಾಗವು ಮಾಲರ್‌ನ ಸಂಗೀತದ ಮೇಲೆ ಅನ್ಯರ ತುಣುಕುಗಳನ್ನು ಹೆಣೆದಿದೆ. ಅಲ್ಲಿ ಮಾಲರ್‌ನ ಹೆಸರು ಉಳಿಯಿತು. ಮುಖವಾಡ ಕೆತ್ತಿದವರ, ಧಾಟಿ ಹಾಡಿದವರ ಹೆಸರುಗಳು ಕಲಾಚರಿತ್ರೆಯಲ್ಲಿ ಉಳಿಯಲಿಲ್ಲ. ಈ ಅಸಮಾನತೆಯನ್ನು ಒಳಗೊಳ್ಳದ ವಿವೇಚನೆಯು ಅಪೂರ್ಣವೇ ಸರಿ.